ನೆಲದ ಮೇಲೆ ತೆಗೆದ ಹನ್ನೆರಡು ಅಚ್ಚು

ಸಾರಿಗೆ ಕಚೇರಿಯ ಹಿಂದಿನ ಅಂಗಳದಲ್ಲಿ, ಬೈಕು ನಿಲ್ಲಿಸುವ ತಗಡಿನ ಚಪ್ಪರದ ಪಕ್ಕಕ್ಕೆ, ಒಂದು ಮೇಜು, ಒಂದು ಬೆಂಚು, ಮೂವತ್ತೊಂದು ವರ್ಷದಿಂದ ಒಬ್ಬನೇ ಮನುಷ್ಯ. ಹೆತ್ತವರು ಇಟ್ಟ ಹೆಸರು ಅವನ ಪರವಾನಗಿ ಪತ್ರದಲ್ಲಿ ಮಾತ್ರ ಉಳಿದಿತ್ತು. ಕಚೇರಿಯ ಸಾಹೇಬರಿಂದ ಹಿಡಿದು ನೆಲ ಒರೆಸುವವಳವರೆಗೆ ಎಲ್ಲರಿಗೂ ಅವನು ಪೆನ್ಸಿಲ್ ಮಾಮ.

ಕೆಲಸವೇನು ಅಂದರೆ ಹೇಳಲು ನಾಚಿಕೆಯಾಗುವಷ್ಟು ಸಣ್ಣದು. ಗಾಡಿಯ ಚಾಸಿಯ ಮೇಲೆ ಕಂಪನಿಯವರು ಗುದ್ದಿದ ನಂಬರ್ ಇರುತ್ತದಲ್ಲ, ಅದರ ಮೇಲೆ ತೆಳ್ಳನೆಯ ಕಾಗದ ಒತ್ತಿ ಹಿಡಿದು ಪೆನ್ಸಿಲ್‌ನಿಂದ ಉಜ್ಜಬೇಕು. ಕಪ್ಪಿನ ನಡುವೆ ನಂಬರ್ ಬೆಳ್ಳಗೆ ಮೂಡುತ್ತದೆ. ಅದನ್ನು ಅರ್ಜಿಗೆ ಅಂಟಿಸಿ, ಕೆಳಗೆ ಸಹಿ ಹಾಕಿ, ಮೊಹರು ಒತ್ತಿದರೆ ಮುಗಿಯಿತು. ಮಕ್ಕಳು ನಾಣ್ಯದ ಮೇಲೆ ಕಾಗದ ಇಟ್ಟು ಆಡುವ ಆಟವೇ ಇದು. ಆದರೆ ಈ ಆಟದಲ್ಲಿ ಮಾಮನದು ಎತ್ತಿದ ಕೈ. ಬಣ್ಣ ಬಳಿದು ಮುಚ್ಚಿದ್ದು ಕಣ್ಣಿಗೆ ಬೀಳುವುದಿಲ್ಲ, ಪೆನ್ಸಿಲ್‌ಗೆ ಬೀಳುತ್ತದೆ. ಹಳೆ ನಂಬರನ್ನು ಅರದಿಂದ ಸವೆಸಿ ಹೊಸದು ಗುದ್ದಿದ ಕದ್ದ ಬೈಕುಗಳನ್ನು ಬರೀ ಅಚ್ಚು ನೋಡಿಯೇ ಹಿಡಿದುಕೊಟ್ಟಿದ್ದ, ಒಂದಲ್ಲ, ಏಳು. ಪೊಲೀಸರು ಬಂದು ಕೈ ಕುಲುಕಿದ್ದನ್ನು ಮನೆಗೆ ಹೋಗಿ ಹೇಳಿದರೆ ಹೆಂಡತಿ, "ಕುಲುಕಿದ್ದು ಸರಿ, ಆ ಕೈ ತೊಳ್ಕೊಂಡು ಊಟಕ್ಕೆ ಬನ್ನಿ" ಅಂದಿದ್ದಳು. ಅವನ ಬಲಗೈ ಹೆಬ್ಬೆರಳು ಮದುವೆಯ ದಿನವೂ ಕಪ್ಪಗೇ ಇತ್ತು.

ಅವನದೊಂದು ಪದ್ಧತಿ ಇತ್ತು. ಪ್ರತಿ ನಂಬರಿಗೂ ಎರಡು ಅಚ್ಚು ತೆಗೆಯುವುದು: ಒಂದು ಅರ್ಜಿಗೆ, ಒಂದು ತನ್ನ ದಪ್ಪ ರಟ್ಟಿನ ಪುಸ್ತಕಕ್ಕೆ. ಇದನ್ನು ಯಾವ ಕಾನೂನೂ ಕೇಳಿರಲಿಲ್ಲ. ಮಧ್ಯಾಹ್ನ ಊಟದ ಡಬ್ಬಿ ತೊಳೆದಿಟ್ಟ ಮೇಲೆ ಬೆಂಚಿನಲ್ಲಿ ಕೂತು, ಬೆಳಗಿನ ಅಚ್ಚುಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡಿ, ಪುಸ್ತಕಕ್ಕೆ ಅಂಟಿಸಿ, ಪಕ್ಕದಲ್ಲಿ ಗಾಡಿಯ ನಂಬರ್ ಬರೆಯುತ್ತಿದ್ದ. ಉಳಿದವರು ಆ ಹೊತ್ತಿಗೆ ಕುರ್ಚಿಯಲ್ಲೇ ತೂಕಡಿಸುತ್ತಾರೆ. ಮಾಮನಿಗೆ ಇದೇ ನಿದ್ದೆ.

ಆ ವರ್ಷ ಸರ್ಕಾರ ಹೊಸ ಕಾನೂನು ತಂದಿತು. ಬರುವ ಸೋಮವಾರದಿಂದ ವರ್ತುಲ ರಸ್ತೆಯ ಒಳಗೆ ಪೆಟ್ರೋಲ್, ಡೀಸೆಲ್ ವ್ಯಾನುಗಳು ಕಾಲಿಡುವಂತಿಲ್ಲ. ಗ್ಯಾಸಿಗೋ ಕರೆಂಟಿಗೋ ಬದಲಾದರೆ ಮಾತ್ರ ಪರ್ಮಿಟ್ಟು. ಬರೀ ಗದರಿಸಿದರೆ ಜನ ಕೇಳುವುದಿಲ್ಲವೆಂದು ಪುಸಲಾವಣೆಯೂ ಇತ್ತು: ಗ್ಯಾಸ್ ಕಿಟ್ಟಿನ ಅರ್ಧ ಖರ್ಚು ಸರ್ಕಾರದ್ದು, ಐದು ವರ್ಷ ರಸ್ತೆ ತೆರಿಗೆ ಮಾಫಿ. ಇದಕ್ಕೆ ಕೊನೆಯ ಗಡುವು ಶುಕ್ರವಾರ ಸಂಜೆ ಐದು ಗಂಟೆ. ಬೆಳಿಗ್ಗೆ ಹನ್ನೊಂದರೊಳಗೆ ಅರ್ಜಿಯನ್ನೂ ಸಿಲಿಂಡರ್ ನಂಬರಿನ ಅಚ್ಚನ್ನೂ ಕೊಟ್ಟರೆ ಗ್ಯಾಸ್ ತುಂಬಿಸಲು ಚೀಟಿ ಸಿಗುತ್ತದೆ. ಬಂಕಿನಲ್ಲಿ ತುಂಬಿಸಿ, ರಸೀದಿ ತಂದು ಐದರೊಳಗೆ ತೋರಿಸಿದರೆ ಗಾಜಿಗೆ ಹಸಿರು ಸ್ಟಿಕ್ಕರ್. ಅಚ್ಚನ್ನು ಸಿಲಿಂಡರ್ ಗಾಡಿಗೆ ಕೂತ ಮೇಲೆಯೇ ತೆಗೆಯಬೇಕು. ಕಾನೂನು ಮಾಡಿದವರು ಗ್ಯಾಸಿನ ಬಗ್ಗೆ ಹತ್ತು ಪುಟ ಬರೆದಿದ್ದರು. ಗಾಡಿಯ ಕೆಳಗೆ ಅಂಗಾತ ಮಲಗಿ ಅಚ್ಚು ತೆಗೆಯುವವನ ಬೆನ್ನಿನ ಬಗ್ಗೆ ಒಂದು ಸಾಲೂ ಬರೆದಿರಲಿಲ್ಲ.

ಮಾಮನ ಒಬ್ಬಳೇ ಮಗಳು ವ್ಯಾನ್ ಓಡಿಸುತ್ತಿದ್ದಳು. ದೊಡ್ಡಾಸ್ಪತ್ರೆಯ ನರ್ಸುಗಳನ್ನು ಪಾಳಿಗೆ ಕರೆತಂದು ಬಿಡುವ ಗುತ್ತಿಗೆ ಅವಳದು. ಆಸ್ಪತ್ರೆ ಇರುವುದು ವರ್ತುಲ ರಸ್ತೆಯ ಒಳಗೆ. ಸ್ಟಿಕ್ಕರ್ ಇಲ್ಲದಿದ್ದರೆ ಸೋಮವಾರದಿಂದ ಗುತ್ತಿಗೆ ಬೇರೆಯವರ ಪಾಲು. ಗಂಡ ಬಿಟ್ಟುಹೋದ ಮೇಲೆ ಅವಳು ಯಾರ ಮುಂದೆಯೂ ಕೈಯೊಡ್ಡದೆ ತಲೆಯೆತ್ತಿ ನಿಂತದ್ದು ಆ ವ್ಯಾನಿನಿಂದ. ಅದಕ್ಕೇ ಮಾಮ ವಾರವಿಡೀ ಆ ಶುಕ್ರವಾರದ ಬಗ್ಗೆಯೇ ಯೋಚಿಸುತ್ತಿದ್ದ.

ಕಿಟ್ಟು ಹಾಕುವ ವರ್ಕ್‌ಶಾಪಿಗೆ ಸಿಲಿಂಡರ್‌ಗಳು ಬಂದದ್ದೇ ತಡವಾಗಿ. ಶುಕ್ರವಾರ ಬೆಳಿಗ್ಗೆ ಒಂಬತ್ತಕ್ಕೆ ಮಾಮ ಅಲ್ಲಿಗೆ ಹೋದಾಗ ಹನ್ನೆರಡು ವ್ಯಾನುಗಳು ಸಾಲಾಗಿ ನಿಂತಿದ್ದವು, ಹನ್ನೆರಡು ಸಿಲಿಂಡರ್‌ಗಳು ನೆಲದ ಮೇಲೆ ಉರುಳಿಕೊಂಡಿದ್ದವು. ಇನ್ನೂ ಒಂದೂ ಗಾಡಿಗೆ ಕೂತಿರಲಿಲ್ಲ. ಮಗಳ ವ್ಯಾನು ಕೊನೆಯಿಂದ ಮೂರನೆಯದು. ವರ್ಕ್‌ಶಾಪಿನ ಮಾಲೀಕ ಬೆವರು ಒರೆಸಿಕೊಳ್ಳುತ್ತ ಬಂದ.

"ಮಾಮಾ, ಕೂರಿಸಿದ ಮೇಲೆ ನಂಬರ್ ಇರೋ ಕತ್ತು ಚಕ್ರದ ಕಡೆ ಹೋಗತ್ತೆ. ಒಂದೊಂದಕ್ಕೂ ನಿಮಗೆ ಇಪ್ಪತ್ತು ನಿಮಿಷ. ಹನ್ನೊಂದಕ್ಕೆ ಅರ್ಜಿ ತಗೊಳ್ಳೋದು ನಿಲ್ಲಿಸ್ತಾರೆ. ಲೆಕ್ಕ ನೀವೇ ಹಾಕಿ."

"ಜೋಡಿಸಿದ ಮೇಲೇ ತೆಗೀಬೇಕು ಅಂತ ಫಾರಮ್ಮಲ್ಲೇ ಇದೆಯಲ್ಲಪ್ಪ."

"ಅಚ್ಚು ಅಂದ್ರೆ ಅಚ್ಚು. ನೆಲದ ಮೇಲೆ ತೆಗೆದ್ರೆ ನಂಬರ್ ಬದಲಾಗತ್ತಾ? ಈ ಸಿಲಿಂಡರ್ ಈ ಗಾಡಿಗೆ ಅಂತ ನಾನೇ ಸೀಮೆಸುಣ್ಣದಲ್ಲಿ ಬರೀತೀನಿ, ಆಯ್ತಾ?"

ಮಾಮ ವ್ಯಾನಿಗೆ ಒರಗಿ ನಿಂತಿದ್ದ ಮಗಳ ಕಡೆ ನೋಡಿದ. ಅವಳು ಏನೂ ಹೇಳಲಿಲ್ಲ. ಹೇಳಿದ್ದರೆ ಒಳ್ಳೆಯದಿತ್ತು, ಬೈದು ಸುಮ್ಮನಾಗಿಸಬಹುದಿತ್ತು. ಮಾಮ ಮಂಡಿಯೂರಿ ಕೂತ. ಇಪ್ಪತ್ತು ನಿಮಿಷದಲ್ಲಿ ಹನ್ನೆರಡೂ ಮುಗಿದವು. "ಗಾಡಿಗೆ ಜೋಡಿಸಿದ ಮೇಲೆ ನಾನೇ ಕಣ್ಣಾರೆ ನೋಡಿ ತೆಗೆದ ಅಚ್ಚು" ಎಂದು ಅಚ್ಚಾಗಿದ್ದ ಸಾಲಿನ ಕೆಳಗೆ ಹನ್ನೆರಡು ಸಲ ಸಹಿ ಹಾಕಿದ. ಒಂದು ಸಲವೂ ಕೈ ನಡುಗಲಿಲ್ಲ. ನಡುಗಬೇಕಾದ ಹೊತ್ತಿಗೆ ಕೈಕಾಲು ನಡುಗದಿರುವುದು ಮನುಷ್ಯರ ದೊಡ್ಡ ದರಿದ್ರ.

ಹತ್ತೂವರೆಗೆ ಅರ್ಜಿಗಳು ಕೌಂಟರಿನ ಮೇಡಂ ಕೈ ಸೇರಿದವು. ಚೀಟಿಗಳು ಸಿಕ್ಕವು. ವರ್ಕ್‌ಶಾಪಿನವರು ಮಧ್ಯಾಹ್ನ ಎರಡರೊಳಗೆ ಸಿಲಿಂಡರ್‌ಗಳನ್ನು ಕೂರಿಸಿದರು. ವ್ಯಾನುಗಳು ಬಂಕಿನ ಕಡೆ ಹೊರಟವು ಎಂದು ಮಗಳು ಫೋನ್ ಮಾಡಿದಳು. "ಅಪ್ಪ, ಊಟ ಮಾಡಿದ್ಯಾ?" ಎಂದೂ ಕೇಳಿದಳು. ಮಾಡಿದ್ದ. ಎಷ್ಟೋ ದಿನದ ಮೇಲೆ ರುಚಿಯಾಗಿ ಮಾಡಿದ್ದ.

ಗಡಿಯಾರದಲ್ಲಿ ಎರಡು ಇಪ್ಪತ್ತು. ಮಾಮ ಪುಸ್ತಕ ಬಿಚ್ಚಿ, ಬೆಳಗಿನ ಹನ್ನೆರಡು ಅಚ್ಚುಗಳನ್ನು ಹರಡಿಕೊಂಡ. ಏಳನೆಯದನ್ನು ಬೆಳಕಿಗೆ ಹಿಡಿದವನು ಹಾಗೇ ಹಿಡಿದುಕೊಂಡು ಕೂತ.

ನಂಬರ್ ನೆಟ್ಟಗಿತ್ತು. ಅದರ ಸುತ್ತ ಕೂದಲೆಳೆಯಷ್ಟು ಸಣ್ಣ ಗೆರೆಗಳು, ಎಲ್ಲ ಒಂದೇ ದಿಕ್ಕಿಗೆ. ಅರ ಆಡಿಸಿದ ಗುರುತು. ಗೆರೆಗಳ ಅಡಿಯಲ್ಲಿ ಬೂದಿ ಬಣ್ಣದಲ್ಲಿ ಇನ್ನೊಂದು ನಂಬರಿನ ನೆರಳು. ಎಂಟರ ಕೆಳಗೆ ಮೂರು, ಒಂದರ ಪಕ್ಕದಲ್ಲಿ ಸೊನ್ನೆಯ ಅರ್ಧ. ಬೆಳಿಗ್ಗೆ ಆತುರದಲ್ಲಿ ನೋಡಿರಲಿಲ್ಲ. ಒಳ್ಳೆಯ ಸಿಲಿಂಡರಿನ ನಂಬರನ್ನು ಯಾರೂ ಅಳಿಸುವುದಿಲ್ಲ. ಒತ್ತಡದ ಪರೀಕ್ಷೆಯಲ್ಲಿ ಫೇಲಾದ ಸಿಲಿಂಡರನ್ನು ಕತ್ತರಿಸಿ ಗುಜರಿಗೆ ಹಾಕಬೇಕು. ಕತ್ತರಿಸದೆ ನಂಬರ್ ಬದಲಿಸಿ, ಬಣ್ಣ ಬಳಿದು ಮತ್ತೆ ಮಾರುವ ಕಳ್ಳರಿದ್ದಾರೆ. ಲಾರಿ ಟೈರಿನ ಗಾಳಿಗಿಂತ ಹತ್ತಾರು ಪಾಲು ಒತ್ತಡದಲ್ಲಿ ಗ್ಯಾಸು ಅದರೊಳಗೆ ಹೋಗುತ್ತದೆ. ಒಳಗೆ ತುಕ್ಕು ತಿಂದ ಸಿಲಿಂಡರ್ ತಡೆದರೆ ತಡೆಯಿತು, ಇಲ್ಲದಿದ್ದರೆ ಸುತ್ತ ನಿಂತವರು ಯಾರೂ ಉಳಿಯುವುದಿಲ್ಲ.

ಮಾಮ ಅಚ್ಚನ್ನು ಪುಸ್ತಕದ ಮೇಲಿಟ್ಟ. ವರ್ಕ್‌ಶಾಪಿನ ಮಾಲೀಕನಿಗೆ ಫೋನ್ ಹಚ್ಚಿದ.

"ಏಳನೇ ಸಿಲಿಂಡರ್ ಎಲ್ಲಿಂದ ತಂದೆ?"

"ಎಲ್ಲಾ ಒಂದೇ ಕಡೆಯಿಂದ ಮಾಮಾ. ಯಾಕೆ?"

ಮಾಮ ಹೇಳಿದ.

"ಹನ್ನೊಂದು ಅಲ್ಲಿಂದ" ಎಂದ ಮಾಲೀಕ, ದನಿ ತಗ್ಗಿಸಿ. "ಒಂದು ಕಮ್ಮಿ ಬಿತ್ತು, ಬೇರೆಯವನ ಹತ್ರ ತಗೊಂಡೆ. ಬಣ್ಣ ಗೀಚಿರತ್ತೆ ಬಿಡಿ ಮಾಮಾ."

"ಅದು ಯಾವ ಗಾಡಿಗೆ ಹೋಯ್ತು? ಅಷ್ಟು ಹೇಳು."

"ನಂಗೇನು ಗೊತ್ತು? ಸೀಮೆಸುಣ್ಣ ಉರುಳಿಸೋವಾಗ ಅಳಿಸಿಹೋಯ್ತು. ಹುಡುಗ್ರು ಕೈಗೆ ಸಿಕ್ಕಿದ್ದು ಹಾಕಿದ್ರು." ಆಮೇಲೆ ಮೆಲ್ಲಗೆ, "ನೋಡಿ, ನೀವು ಬಾಯಿ ಬಿಟ್ರೆ ಹನ್ನೆರಡು ಅಚ್ಚೂ ಸುಳ್ಳು ಅಂತಾಗತ್ತೆ. ಹನ್ನೆರಡು ಗಾಡೀದೂ ಹೋಗತ್ತೆ. ನಿಮ್ಮ ಮಗಳದ್ದೂ ಅದ್ರಲ್ಲೇ ಇದೆ. ನಿಮ್ಮ ಲೈಸೆನ್ಸೂ ಹೋಗತ್ತೆ. ಸೋಮವಾರ ನಾನೇ ಒಬ್ಬೊಬ್ಬರನ್ನಾಗಿ ಕರೆಸಿ ನೋಡ್ತೀನಿ. ಎರಡು ದಿನದಲ್ಲಿ ಏನೂ ಆಗಲ್ಲ."

ಮಾಮ ಫೋನನ್ನು ಮೇಜಿನ ಮೇಲಿಟ್ಟ. ಎದ್ದೇಳಬೇಕಿತ್ತು. ಏಳಲಿಲ್ಲ.

ಇದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಏಳು ಕಳ್ಳ ಬೈಕು ಹಿಡಿದ ಮನುಷ್ಯ ಆ ಬೆಂಚಿನ ಮೇಲೆ ಕಲ್ಲಿನ ಹಾಗೆ ಕೂತಿದ್ದ. ಹನ್ನೆರಡರಲ್ಲಿ ಒಂದು, ಎಂದುಕೊಂಡ. ಮಗಳದ್ದೇ ಆಗಿರಬೇಕೆಂದೇನಿಲ್ಲ. ಹನ್ನೊಂದು ಪಾಲು ಅವಳದ್ದಲ್ಲ. ಫೇಲಾದ ಸಿಲಿಂಡರುಗಳು ವರ್ಷಗಟ್ಟಲೆ ಓಡಿದ್ದೂ ಉಂಟು. ಸೋಮವಾರ ಅಂದನಲ್ಲ, ಎರಡೇ ದಿನ. ಇವತ್ತು ಬಾಯಿಬಿಟ್ಟರೆ ಮಗಳ ಗುತ್ತಿಗೆ ಹೋಗುವುದು ಖಂಡಿತ. ಸಿಲಿಂಡರ್ ಸಿಡಿಯುವುದು ಖಂಡಿತವಲ್ಲ. ಹೀಗೆ ತೂಗಿದ, ಮತ್ತೆ ತೂಗಿದ. ಒಂದು ಸಲ ಎದ್ದು ನೀರು ಕುಡಿದು ಬಂದು ಅಲ್ಲೇ ಕೂತ. ಅಂಗಳದಲ್ಲಿ ಯಾರೋ ಬೈಕಿಗೆ ಕಿಕ್ ಹೊಡೆದಾಗ ಬೆಂಚಿನಿಂದ ಅರ್ಧ ಎದ್ದು ಮತ್ತೆ ಕೂತ.

ಕೊನೆಗೆ, ಏನಾದರೂ ಮಾಡಬೇಕಲ್ಲ ಎಂದು, ಆ ಏಳನೆಯ ಅಚ್ಚನ್ನು ಪುಸ್ತಕಕ್ಕೆ ಅಂಟಿಸಿದ. ಪಕ್ಕದಲ್ಲಿ ಗಾಡಿಯ ನಂಬರ್ ಬರೆಯಬೇಕು. ಅದು ಅವನ ಪದ್ಧತಿ. ಯಾವ ನಂಬರ್ ಬರೆಯುವುದು? ಹನ್ನೆರಡರಲ್ಲಿ ಯಾವುದನ್ನು ಬರೆದರೂ ಆ ಗಾಡಿಯಲ್ಲಿ ಒಬ್ಬ ಮನುಷ್ಯ ಕೂತಿದ್ದಾನೆ. ಪೆನ್ನು ಹಿಡಿದರೆ ಮನಸ್ಸಿಗೆ ಮೊದಲು ಬಂದದ್ದು ಮಗಳ ವ್ಯಾನಿನ ನಂಬರ್. ಕೊನೆಯ ಎರಡು ಅಂಕಿ ಬಿಟ್ಟು ಉಳಿದದ್ದನ್ನು ಬರೆದೂಬಿಟ್ಟ. ಆಮೇಲೆ ಪೆನ್ನು ಅಲ್ಲೇ ಬಿಟ್ಟು, ಫೋನ್ ಎತ್ತಿಕೊಂಡು, ಚಪ್ಪಲಿ ಮೆಟ್ಟಿಕೊಳ್ಳದೆ ಓಡಿದ.

ಗಂಟೆ ಎರಡು ಐವತ್ತೈದು. ಮಗಳ ಫೋನ್ ಆಫ್. ಬಂಕಿನೊಳಗೆ ಎಲ್ಲರದ್ದೂ ಆಫ್ ಮಾಡಿಸುತ್ತಾರೆ. ಕೌಂಟರಿನ ಮುಂದೆ ಕೊನೆಯ ದಿನದ ನೂಕುನುಗ್ಗಲು, ಒಳಗೆ ನುಗ್ಗಿ ಹೇಳಿ ಅರ್ಥಮಾಡಿಸುವಷ್ಟರಲ್ಲಿ ಬಂಕನ್ನೇ ತಲುಪಬಹುದು. ಆಟೋದಲ್ಲಿ ಹದಿನೈದು ನಿಮಿಷದ ದಾರಿ. ಆ ಹದಿನೈದು ನಿಮಿಷವೂ ಅವನ ಕಿವಿ ದೂರದ ಸದ್ದೊಂದಕ್ಕೆ ಕಾಯುತ್ತಿತ್ತು.

ಬಂಕು ಇದ್ದ ಹಾಗೇ ಇತ್ತು. ನಾಲ್ಕು ವ್ಯಾನುಗಳು ತುಂಬಿಸಿಕೊಂಡು ಗೋಡೆ ಬದಿಗೆ ನಿಂತಿದ್ದವು. ಐದನೆಯದಕ್ಕೆ ಪೈಪು ಹಾಕಿತ್ತು. ಮಗಳು ತುಂಬಿದ ಗಾಡಿಗಳ ಹತ್ತಿರ ತನ್ನ ಗಾಡಿಯ ರಸೀದಿ ಹಿಡಿದು ಯಾರೊಡನೆಯೋ ನಗುತ್ತಿದ್ದಳು.

"ನಿಲ್ಸಿ" ಎಂದ ಮಾಮ. ಉಸಿರು ಸಾಲದೆ ದನಿಯೇ ಹೊರಡಲಿಲ್ಲ. ಬಂಕಿನವನ ತೋಳು ಹಿಡಿದು ಎಳೆದ. "ಪಂಪ್ ನಿಲ್ಸಪ್ಪ. ಒಂದು ಸಿಲಿಂಡರ್ ಕೆಟ್ಟಿದ್ದು. ಯಾವುದು ಅಂತ ಗೊತ್ತಿಲ್ಲ."

ಬಂಕಿನವನು ಪ್ರಶ್ನೆ ಕೇಳದೆ ಗೋಡೆಯ ಕೆಂಪು ಗುಂಡಿ ಒತ್ತಿದ. ಬುದ್ಧಿವಂತ. ಪ್ರಶ್ನೆ ಕೇಳಿದವರು ಡ್ರೈವರುಗಳು.

"ಗೊತ್ತಿಲ್ಲ ಅಂದ್ರೇನು? ನೀವೇ ಅಲ್ವಾ ಅಚ್ಚು ತೆಗೆದಿದ್ದು?"

"ಗಾಡಿ ಮೇಲೆ ತೆಗೀಲಿಲ್ಲ. ನೆಲದ ಮೇಲಿದ್ದಾಗ ತೆಗೆದೆ. ಆಮೇಲೆ ಯಾವುದು ಎಲ್ಲಿಗೆ ಹೋಯ್ತೋ ನಂಗೊತ್ತಿಲ್ಲ."

ಹನ್ನೆರಡು ಜನರ ಮುಂದೆ ಇಷ್ಟು ಹೇಳುವಷ್ಟರಲ್ಲಿ ಅವನ ಮರ್ಯಾದೆಯೆಲ್ಲ ಮಣ್ಣುಪಾಲಾಯಿತು. ಅವರಲ್ಲೊಬ್ಬ, ಹಾಲಿನ ಗಾಡಿಯವನು, ಬಾಯಿಗೆ ಬಂದಂತೆ ಬೈದ. ಬಂಕಿನವನು ಎಲ್ಲರನ್ನೂ ರಸ್ತೆಯಾಚೆಗೆ ಅಟ್ಟಿದ. ಮಗಳು ಮಾತ್ರ ಅಪ್ಪನ ಬರಿಗಾಲನ್ನು ನೋಡುತ್ತ ನಿಂತಿದ್ದಳು.

ತುಂಬಿದ ಗಾಡಿಗಳನ್ನು ಮೊದಲು ನೋಡಬೇಕಿತ್ತು. ಮಾಮ ಒಬ್ಬನೇ ಹೋದ. ಮೊದಲನೆಯ ವ್ಯಾನಿನ ಕೆಳಗೆ ಅಂಗಾತ ತೂರಿಕೊಂಡು, ಚಕ್ರದ ಗೂಡಿಗೂ ಸಿಲಿಂಡರಿನ ಕತ್ತಿಗೂ ನಡುವಿನ ಸಂದಿಯಲ್ಲಿ ಕೈ ತೂರಿಸಿದ. ಮುಂಗೈ ತರಚಿತು. ಒಂದು ಕೈಯಲ್ಲೇ ಕಾಗದ ಒತ್ತಿ, ಬೆರಳುದ್ದದ ಪೆನ್ಸಿಲ್ ಚೂರಿನಿಂದ ಉಜ್ಜಿದ. ಮೂಗಿನ ಮೇಲೆ ಸಿಲಿಂಡರಿನ ಹೊಸ ಬಣ್ಣದ ವಾಸನೆ. ಒಳಗೆ ಏನೋ ಟಿಕ್ಕೆಂದರೆ ಉಸಿರು ಹಿಡಿಯುತ್ತಿದ್ದ. ಕಾಗದ ಹೊರಗೆಳೆದು ನೋಡಿದ. ಶುದ್ಧ. ಎರಡನೆಯದರ ಕೆಳಗೆ ಹೋದ. ಅದು ಹಾಲಿನ ಗಾಡಿ. ನಾಲ್ಕು ಸಲ ಉಜ್ಜುವುದರೊಳಗೆ ಗೊತ್ತಾಯಿತು. ಪೆನ್ಸಿಲ್ ನುಣ್ಣಗೆ ಜಾರದೆ ಗೆರೆಗಳ ಮೇಲೆ ತೊಡರುತ್ತಿತ್ತು. ಎಂಟರ ಕೆಳಗಿನ ಮೂರು ಕಾಗದದ ಮೇಲೆ ಬರುವ ಮೊದಲೇ ಅವನ ಬೆರಳಿಗೆ ಬಂದಿತ್ತು.

ಬಂಕಿನವನು ಗಾಡಿಯನ್ನು ಹಿಂದಿನ ಬಯಲಿಗೆ ತಳ್ಳಿಸಿ, ವಾಲ್ವ್ ಸ್ವಲ್ಪ ಸ್ವಲ್ಪವೇ ತಿರುಗಿಸಿ ಗ್ಯಾಸು ಬಿಟ್ಟ. ಬುಸ್ಸೆನ್ನುವ ಆ ಸದ್ದು ನಿಲ್ಲಲು ಇಪ್ಪತ್ತು ನಿಮಿಷ ಹಿಡಿಯಿತು. ಅಲ್ಲಿಯವರೆಗೆ ಯಾರೂ ಗಾಡಿಗಳ ಹತ್ತಿರ ಹೋಗುವಂತಿರಲಿಲ್ಲ. ಹಾಲಿನ ಗಾಡಿಯವನು ಬೈಯುವುದನ್ನು ನಿಲ್ಲಿಸಿ ರಸ್ತೆಯಂಚಿನಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದ. "ಇಷ್ಟೊತ್ತೂ ಅದಕ್ಕೇ ಒರಗಿ ನಿಂತಿದ್ದೆ" ಎಂದ, ಯಾರಿಗೂ ಅಲ್ಲ.

ಮಾಮ ಆ ಹೊತ್ತಿನಲ್ಲಿ ಕೌಂಟರಿನ ಮೇಡಂಗೆ ಫೋನ್ ಮಾಡಿ ಎಲ್ಲ ಒಪ್ಪಿಕೊಂಡ. ಮೇಡಂ ಎಲ್ಲ ಕೇಳಿಸಿಕೊಂಡರು. ಆಮೇಲೆ ಹೇಳಿದರು: "ಹಾಲಿನ ಗಾಡೀದು ಆಗಲ್ಲ. ಉಳಿದ ಹನ್ನೊಂದಕ್ಕೆ ಗಾಡಿ ಮೇಲೇ ಹೊಸ ಅಚ್ಚು ತೆಗೆದು ಐದರೊಳಗೆ ತನ್ನಿ. ಬಂಕಿನವರ ಸಹಿಯೂ ಇರ್ಲಿ. ನಿಮ್ಮ ಮೊಹರು ಮಾತ್ರ ಇವತ್ತೇ ವಾಪಸ್ ಕೊಡಬೇಕಾಗತ್ತೆ, ಮಾಮಾ."

"ಕೊಡ್ತೀನಿ ಮೇಡಂ."

ನಾಲ್ಕೂ ಐದಕ್ಕೆ ಮತ್ತೆ ಶುರು. ಒಂದು ಅಚ್ಚು ಆಗಲೇ ಇತ್ತು, ಹತ್ತು ಬಾಕಿ. ಮಾಮನ ಕೈ ಊದಿಕೊಂಡಿತ್ತು, ಸಂದಿಗೆ ಹೋಗಲೊಲ್ಲದು. ಮಗಳು ಮಾತಿಲ್ಲದೆ ಅವನ ಜೇಬಿನಿಂದ ಪೆನ್ಸಿಲ್ಲೊಂದನ್ನು ಎತ್ತಿಕೊಂಡು ಮೂರ್ನಾಲ್ಕು ತುಂಡು ಮಾಡಿದಳು. ಚಿಕ್ಕಂದಿನಲ್ಲಿ ಅಪ್ಪನ ಬೆಂಚಿನಲ್ಲಿ ಕೂತು ಕಲಿತ ಕೆಲಸ. ಅವಳ ಕೈಯೂ ಸಣ್ಣದು. ಅವನು ಒಂದು ತೆಗೆಯುವಷ್ಟರಲ್ಲಿ ಅವಳು ಎರಡು ತೆಗೆದಳು. ಅಚ್ಚು ಸರಿ ಬಂದ ಗಾಡಿ ಪಂಪಿಗೆ ಹೋಗುತ್ತಿತ್ತು.

"ನಿಂದು ಮೊದ್ಲು ಮುಗಿಸ್ಕೊ" ಎಂದ ಮಾಮ.

"ಮಗಳದ್ದು ಮೊದ್ಲು ಮಾಡ್ಕೊಂಡ ಅಂತ ಇನ್ನೊಂದು ಮಾತು ಬೇಕಾ? ನಂದು ಕೊನೇಗೆ."

ನಾಲ್ಕು ನಲವತ್ತಾರಕ್ಕೆ ಹತ್ತು ಅಚ್ಚುಗಳಾಗಿದ್ದವು. ಉಳಿದದ್ದು ಅವಳದೊಂದೇ. "ಇಷ್ಟು ತಗೊಂಡು ಹೋಗು, ನಾನು ತೆಗೆದು ಹಿಂದೇನೇ ಬರ್ತೀನಿ" ಎಂದು ಅಪ್ಪನನ್ನು ಮುಂದಿನ ಗಾಡಿಗೆ ಹತ್ತಿಸಿದಳು.

ಹತ್ತು ಅಚ್ಚುಗಳೂ ರಸೀದಿಗಳೂ ಐದಕ್ಕೆ ಎರಡು ನಿಮಿಷ ಇರುವಾಗ ಒಳಗೆ ಸೇರಿದವು. ಮಾಮ ಮೊಹರನ್ನು ಕಿಟಕಿಯೊಳಗೆ ಸರಿಸಿ ಬಾಗಿಲ ಕಡೆ ನೋಡುತ್ತ ನಿಂತ. ಮಗಳು ಓಡಿ ಬಂದಾಗ ಐದು ಗಂಟೆ ನಾಲ್ಕು ನಿಮಿಷ. ಮೊಣಕೈವರೆಗೆ ಗ್ರೀಸು, ಹೆಬ್ಬೆರಳು ಕಪ್ಪು. ಕೈಯಲ್ಲಿ ಅಚ್ಚು, ನೋಡಿದವರು ಮೆಚ್ಚುವಂಥದ್ದು.

"ನಾಲ್ಕೇ ನಿಮಿಷ ಮೇಡಂ" ಎಂದ ಮಾಮ.

ಮೇಡಂ ಕಣ್ಣೆತ್ತಲಿಲ್ಲ. "ಬೇರೆ ದಿನ ಆಗಿದ್ರೆ ನಾನೇ ಕಣ್ಣು ಮುಚ್ಕೊಳ್ತಿದ್ದೆ. ಇವತ್ತು ನಿಮ್ಮ ಮಗಳ ಅರ್ಜೀಲಿ ಒಂದು ಕೂದಲೆಳೆ ಆಚೀಚೆ ಆದ್ರೂ ಹತ್ತೂ ಬಿದ್ದುಹೋಗತ್ತೆ. ನೀವೇ ಹೇಳಿ."

ಮಾಮ ಕಿಟಕಿಯಿಂದ ಈಚೆ ಸರಿದ.

ಅಪ್ಪ ಮಗಳು ಅಂಗಳಕ್ಕೆ ಬಂದರು. ಬೆಂಚಿನ ಮೇಲೆ ಪುಸ್ತಕ ಬಿಚ್ಚಿದ್ದು ಬಿಚ್ಚಿದ ಹಾಗೇ ಇತ್ತು, ಬೆಂಚಿನ ಕೆಳಗೆ ಅವನ ಚಪ್ಪಲಿ. ಮಗಳು ಪುಸ್ತಕದಲ್ಲಿನ ಅಚ್ಚನ್ನೂ ಅದರ ಪಕ್ಕದಲ್ಲಿ ಅರ್ಧ ಬರೆದ ತನ್ನ ಗಾಡಿಯ ನಂಬರನ್ನೂ ನೋಡಿದಳು.

"ಅಪ್ಪ, ನಿಂಗೆ ಎಷ್ಟೊತ್ತಿಗೆ ಗೊತ್ತಾಯ್ತು?"

ಸುಳ್ಳು ಹೇಳಲು ಬೇಕಾದದ್ದು ಒಂದೇ ಒಂದು ಅಂಕಿ. ಬೆಳಿಗ್ಗೆ ಹನ್ನೆರಡು ಸಲ ಹೇಳಿದವನಿಗೆ ಇದೇನೂ ಕಷ್ಟವಾಗಬೇಕಿರಲಿಲ್ಲ.

"ಎರಡು ಇಪ್ಪತ್ತಕ್ಕೆ."

"ನೀನು ಬಂಕಿಗೆ ಬಂದಿದ್ದು ಮೂರು ಹತ್ತಕ್ಕೆ. ಆಟೋಲಿ ಹದಿನೈದು ನಿಮಿಷ."

"ಇಲ್ಲೇ ಕೂತಿದ್ದೆ" ಎಂದ ಮಾಮ. "ಹೇಳೋದೋ ಬೇಡ್ವೋ ಅಂತ."

ಅವಳು ತಲೆಯಾಡಿಸಿದಳು. ಕೋಪ ಬಂದಂತೆ ಕಾಣಲಿಲ್ಲ. ಕೋಪ ಬಂದಿದ್ದರೆ ಅವನಿಗೆ ಅಷ್ಟು ಭಯವಾಗುತ್ತಿರಲಿಲ್ಲ.

"ಸ್ಟಿಕ್ಕರ್ ಹೋಗ್ಲಿ ಬಿಡು, ಏನೋ ಮಾಡ್ಕೋತೀನಿ" ಎಂದಳು. "ಎರಡು ನಲವತ್ತಕ್ಕೆ ಪಂಪ್ ಶುರು ಮಾಡಿದ್ರು. ಹಾಲಿನ ಗಾಡಿಗೆ ತುಂಬೋವಾಗ ಪೈಪು ನೆಲಕ್ಕೆ ಉಜ್ಜುತ್ತೆ ಅಂತ ನಾನೇ ಎತ್ತಿ ಹಿಡ್ಕೊಂಡು ನಿಂತಿದ್ದೆ. ಪೂರ್ತಿ ತುಂಬೋವರೆಗೂ. ಆಗ ನೀನು ಇಲ್ಲಿ ಕೂತಿದ್ದೆ."

ಮಾಮ ಚಪ್ಪಲಿ ಮೆಟ್ಟಿಕೊಂಡ. ಅವಳು ಹೋಗಿ ವ್ಯಾನಿನ ಬಾಗಿಲು ತೆಗೆದು, "ಹತ್ತು, ಅಮ್ಮ ಕಾಯ್ತಿರ್ತಾಳೆ" ಎಂದಳು. ಅವನು ಹಿಂದಿನ ಸೀಟಿಗೆ ಹೋಗಿ ಕೂತ. ಮಗಳ ಪಕ್ಕದಲ್ಲಿ ಕೂರುವ ಧೈರ್ಯ ಬರಲಿಲ್ಲ.